ಶಿರಾಡಿಯನ್ನಿಳಿಯುವ ವಿದ್ಯೆ

ಬಯಲುಸೀಮೆಯ ಕಡೆಯಿಂದ ಸಹ್ಯಾದ್ರಿಯನ್ನು ಸಮೀಪಿಸುವವನಿಗೆ ತಾನೊಂದು ಮಹಾಪರ್ವತದ ನೆತ್ತಿಯತ್ತ ಸಾಗುತ್ತಿರುವೆನೆಂಬ ಅರಿವು ಸುಲಭವಾಗಿ ಉಂಟಾಗುವುದಿಲ್ಲ. ಹಾಸನವನ್ನು ಬಿಟ್ಟ ಮೇಲೆ ನೆಲವು ಮೆಲ್ಲಮೆಲ್ಲನೆ ಉಬ್ಬುತ್ತ, ತಗ್ಗುತ್ತ, ಗದ್ದೆಬಯಲುಗಳನ್ನು ಹಿಂದಿಕ್ಕಿ ಕಾಫಿತೋಟಗಳ ನೆರಳನ್ನು ಹೊಗುತ್ತ, ಸಕಲೇಶಪುರದಲ್ಲಿ ಹೇಮಾವತಿಯ ಸೇತುವೆಯವರೆಗೆ ನಮ್ಮನ್ನು ತಂದು ನಿಲ್ಲಿಸುವ ಹೊತ್ತಿಗೆ ನಾವು ಸಮುದ್ರಮಟ್ಟದಿಂದ 900 ಮೀಟರಿಗೂ ಮಿಕ್ಕ ಎತ್ತರದಲ್ಲಿರುತ್ತೇವೆ; ಆದರೆ ಆ ಎತ್ತರವನ್ನು ಬೆವರು ಸುರಿಸಿ ಸಂಪಾದಿಸಿದವರು ನಾವಲ್ಲವಾದ್ದರಿಂದ ಅದರ ಬೆಲೆಯೂ ನಮಗೆ ತಿಳಿದಿರುವುದಿಲ್ಲ. ಬೆಲೆ ತಿಳಿಯುವುದು ಮುಂದೆ, ದೋಣಿಗಲ್ಲನ್ನೂ ಮಾರನಹಳ್ಳಿಯನ್ನೂ ದಾಟಿದ ಮೇಲೆ. ಪೂರ್ವಕ್ಕೆ ಹರಿದು ಕಾವೇರಿಯನ್ನು ಕೂಡುವ ಹೇಮಾವತಿಯ ಸೀಮೆ ಅಲ್ಲಿಗೆ ಮುಗಿದು, ಪಶ್ಚಿಮಕ್ಕೆ ಧುಮುಕಿ ನೇತ್ರಾವತಿಯನ್ನು ಅರಸಿ ಹೋಗುವ ಕೆಂಪುಹೊಳೆಯ ಸೀಮೆ ಮೊದಲಾಗುತ್ತದೆ. ಅಷ್ಟು ದೂರದಿಂದ ನಿಧಾನವಾಗಿ ಕೂಡಿಟ್ಟುಕೊಂಡು ಬಂದ ಎತ್ತರವನ್ನೆಲ್ಲ ರಸ್ತೆಯು ಗುಂಡ್ಯವನ್ನು ಮುಟ್ಟುವುದರೊಳಗಾಗಿ ಕಳೆದುಬಿಡುತ್ತದೆ. ಆ ಇಳಿತವೇ ಶಿರಾಡಿ ಘಾಟಿ.

ಘಟ್ಟದ ಮೇಲಣ ನಾಡಿಗೂ ಕೆಳಗಣ ಕರಾವಳಿಗೂ ನಡುವೆ ದಾರಿಗಳು ಇಲ್ಲದಿಲ್ಲ. ಆದರೆ ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆಗುಂಬೆ ಭಾರಿ ಸರಕಿನ ಲಾರಿಗಳಿಗೆ ಒದಗುವ ದಾರಿಯಲ್ಲ. 2019ರ ಭೂಕುಸಿತಗಳ ಅನಂತರ ಚಾರ್ಮಾಡಿಯಲ್ಲಿಯೂ ಅವುಗಳಿಗೆ ನಿರ್ಬಂಧ ಬಂದಿತು. ಹೀಗಾಗಿ ಮಂಗಳೂರಿನ ಬಂದರಿಗೂ ತೈಲಾಗಾರಕ್ಕೂ ಬೆಂಗಳೂರಿನ ಪೇಟೆಗೂ ಸಂಬಂಧಿಸಿದ ಹೊರೆಯ ಬಹುಭಾಗವನ್ನು ಹಿಂದೆ 48 ಎಂದೂ ಈಗ 75 ಎಂದೂ ಕರೆಯಲ್ಪಡುವ ಈ ಒಂದು ರಾಷ್ಟ್ರೀಯ ಹೆದ್ದಾರಿಯೇ ಹೊತ್ತಿದೆ. ಮಳೆಗಾಲ ಬಂತೆಂದರೆ ಗುಂಡಿಬಿದ್ದು ವಾಹನಗಳ ಮೂಳೆ ಮುರಿಯುತ್ತಿದ್ದ ಸುಮಾರು 26 ಕಿಲೋಮೀಟರಿನ ಘಟ್ಟದ ಭಾಗಕ್ಕೆ 2015ರಲ್ಲಿಯೂ 2018ರಲ್ಲಿಯೂ ಎರಡು ಹಂತಗಳಲ್ಲಿ ಕಾಂಕ್ರೀಟು ಹಾಸಿದರು. ದಾರಿ ನುಣುಪಾಯಿತು. ನುಣುಪಾದ ದಾರಿಯಲ್ಲಿ ವೇಗದ ಆಸೆಯೂ ಹೆಚ್ಚುತ್ತದೆಂಬುದನ್ನು ಮಾತ್ರ ಯಾವ ಕಾಂಕ್ರೀಟೂ ತಡೆಯಲಾರದು.

ಈ ಘಾಟಿಯನ್ನು ಕಾರಿನ ಕಿಟಕಿಯಿಂದಲೂ ಬಸ್ಸಿನ ಆಸನದಿಂದಲೂ ನೋಡಿದವರು ಸಾವಿರಾರು ಮಂದಿ. ಲಾರಿಯ ಕ್ಯಾಬಿನ್ನಿನಿಂದ ನೋಡಬೇಕೆಂಬ ಬಯಕೆ ನನಗೆ ಬಹುಕಾಲದಿಂದ ಇದ್ದಿತು. ಮಳೆಗಾಲ ಮುಗಿದು ತೊರೆಗಳು ಇನ್ನೂ ಬತ್ತದಿದ್ದ ಒಂದು ಬೆಳಗ್ಗೆ, ಪರಿಚಿತ ವರ್ತಕರೊಬ್ಬರ ಕೃಪೆಯಿಂದ, ಮಂಗಳೂರಿಗೆ ಅಕ್ಕಿ ಮೂಟೆಗಳನ್ನು ಒಯ್ಯುತ್ತಿದ್ದ ಹನ್ನೆರಡು ಚಕ್ರದ ಲಾರಿಯಲ್ಲಿ ಅದು ಕೈಗೂಡಿತು. ಚಾಲಕರು ನಡುವಯಸ್ಸು ಮೀರಿದ, ಮಿತಭಾಷಿಯಾದ, ಹಾಸನದ ಕಡೆಯ ಮನುಷ್ಯರು. ಸಕಲೇಶಪುರವನ್ನು ದಾಟಿದ ಮೇಲೆ ಅವರು ರಸ್ತೆಯ ಬದಿಗೆ ಲಾರಿಯನ್ನು ನಿಲ್ಲಿಸಿದಾಗ ಚಹಕ್ಕಾಗಿ ನಿಲ್ಲಿಸಿರಬೇಕೆಂದು ನಾನು ಎಣಿಸಿದೆ. ಅವರು ಚಹದ ಅಂಗಡಿಯ ಕಡೆ ತಿರುಗಿಯೂ ನೋಡಲಿಲ್ಲ. ಎಂಜಿನನ್ನು ಆರಿಸಿ, ಬ್ರೇಕನ್ನು ಒತ್ತಿ ಹಿಡಿದು, ಮುಂದಣ ಫಲಕದಲ್ಲಿ ಗಾಳಿಯ ಒತ್ತಡವನ್ನು ತೋರಿಸುವ ಮುಳ್ಳನ್ನು ದಿಟ್ಟಿಸುತ್ತ ಕೂತರು. “ಏ ತಮ್ಮಾ, ಕೇಳಿಸ್ಕೊಂಡು ಬಾ” ಎಂದುದಷ್ಟೆ. ಕ್ಲೀನರ್ ಹುಡುಗನು ಕೆಳಗಿಳಿದು ಒಂದೊಂದು ಚಕ್ರದ ಬಳಿಯೂ ಬಗ್ಗಿ, ಗಾಳಿ ಸೋರುವ ಸದ್ದಿದೆಯೇ ಎಂದು ಕಿವಿಗೊಟ್ಟು ಆಲಿಸಿ, ಕಬ್ಬಿಣದ ಸರಳಿನಿಂದ ಟೈರುಗಳನ್ನು ಬಡಿದು ನಾದವನ್ನು ಪರೀಕ್ಷಿಸಿ, “ಇಲ್ಲ ಅಣ್ಣ, ಎಲ್ಲಾ ಸರಿ ಐತೆ” ಎಂದನು. ಗಾಳಿಯ ಟ್ಯಾಂಕುಗಳಲ್ಲಿ ಕೂಡಿದ್ದ ನೀರನ್ನು ಬೆಳಗ್ಗೆಯೇ ಬಿಟ್ಟಾಗಿತ್ತು. ಮೂಟೆಗಳ ಮೇಲಣ ಹಗ್ಗವನ್ನು ಚಾಲಕರು ತಾವೇ ಎಳೆದು ನೋಡಿದರು. ಇಷ್ಟೆಲ್ಲ ಆದ ಮೇಲೆ ಆಸನಕ್ಕೆ ಮರಳಿ, ನಾನು ಕೇಳದಿದ್ದರೂ ನನ್ನ ಮುಖದಲ್ಲಿದ್ದ ಪ್ರಶ್ನೆಗೆ ಉತ್ತರವೆಂಬಂತೆ ಹೇಳಿದರು: “ಕೆಳಗಡೆ ನೋಡ್ಕೊಳ್ಳೋಣ ಅನ್ನೋಕಾಗಲ್ಲ ಸಾರ್. ಏನಿದ್ರೂ ಮೇಲೇ ನೋಡ್ಬೇಕು.”

ಇಳಿತ ಮೊದಲಾಗುವ ಮುನ್ನವೇ ಅವರು ಗೇರನ್ನು ಇಳಿಸಿಕೊಂಡರು. ದಾರಿ ಇನ್ನೂ ಹೆಚ್ಚು ಕಡಿಮೆ ಸಮವಾಗಿಯೇ ಇದ್ದಿತು. ಹಿಂದಿನಿಂದ ಬರುತ್ತಿದ್ದ ಕಾರುಗಳು ತಾಳ್ಮೆಗೆಟ್ಟು ಹಾರ್ನ್ ಮಾಡುತ್ತಿದ್ದವು. ಲಾರಿಯ ಎಂಜಿನ್ನು ಮಾತ್ರ ಗಂಟಲೆತ್ತರಿಸಿ ಒಂದೇ ಶ್ರುತಿಯಲ್ಲಿ ಗುಡುಗತೊಡಗಿತು. “ಯಾವ ಗೇರಲ್ಲಿ ಘಾಟಿ ಹತ್ತುತ್ತೋ ಅದೇ ಗೇರಲ್ಲಿ ಇಳೀಬೇಕು ಅಂತ ನನಗೆ ಕಲಿಸಿದೋರು ಹೇಳ್ತಿದ್ರು. ಈಗಿನ ಎಂಜಿನ್ನಿಗೆ ಬಲ ಜಾಸ್ತಿ, ಹತ್ತೋವಾಗ ದೊಡ್ಡ ಗೇರಲ್ಲೇ ಹತ್ತುತ್ತೆ, ಅದಕ್ಕೆ ಇಳಿಯೋವಾಗ ಇನ್ನೂ ಒಂದು ಕೆಳಗೇ ಇಟ್ಕೋಬೇಕು” ಎಂದರು. ಗುರುಪರಂಪರೆಯಿಂದ ಬಂದ ಸೂತ್ರವನ್ನು ಕಾಲಕ್ಕೆ ತಕ್ಕಂತೆ ತಿದ್ದಿಕೊಂಡ ಈ ವಿವೇಕ ನನಗೆ ಬಹಳ ಹಿಡಿಸಿತು. ಇಳಿತದ ಮಧ್ಯದಲ್ಲಿ ಗೇರು ಬದಲಾಯಿಸುವೆನೆಂದು ಹೊರಟವನು ಒಂದು ಗೇರನ್ನು ಬಿಡಿಸಿಕೊಂಡು ಇನ್ನೊಂದು ಕೂಡದೆ ಹೋದರೆ, ಎಂಜಿನ್ನಿನ ಹಿಡಿತವೆಲ್ಲ ಆ ಕ್ಷಣದಲ್ಲಿಯೇ ತಪ್ಪಿ, ಹೊರೆಯ ಸಮಸ್ತ ಭಾರವೂ ಬ್ರೇಕೊಂದರ ಮೇಲೆಯೇ ಬಂದು ಬೀಳುತ್ತದೆ. ಆದ್ದರಿಂದ ಇಳಿತದ ವೇಗವು ನಿರ್ಣಯವಾಗಬೇಕಾದುದು ಘಾಟಿಯ ಬಾಯಲ್ಲಿ, ಒಡಲಲ್ಲಿ ಅಲ್ಲ.

ಇದು ಬರಿಯ ರೂಢಿಯ ಮಾತಲ್ಲ. ಇದರ ಹಿಂದೆ ಪ್ರಕೃತಿಯ ಕಠೋರವಾದ ಲೆಕ್ಕವಿದೆ. ಹೊರೆಯೂ ಸೇರಿ 30 ಟನ್ ತೂಗುವ ಲಾರಿಯೊಂದು ಸುಮಾರು 800 ಮೀಟರು ಕೆಳಗಿಳಿಯುವಾಗ ಕಳೆದುಕೊಳ್ಳಬೇಕಾದ ಶಕ್ತಿಯನ್ನು ಶಾಖವನ್ನಾಗಿ ಮಾರ್ಪಡಿಸಿದರೆ, ಅದು ಸುಮಾರು 750 ಲೀಟರು ತಣ್ಣೀರನ್ನು ಕುದಿಯುವಂತೆ ಮಾಡಲು ಸಾಕು. ಆ ಶಕ್ತಿಯಲ್ಲಿ ಒಂದು ಪಾಲನ್ನು ಟೈರುಗಳ ಉರುಳುವಿಕೆಯೂ ಗಾಳಿಯ ತಡೆಯೂ ತೆಗೆದುಕೊಳ್ಳುತ್ತವೆ. ಉಳಿದುದನ್ನು ಎಂಜಿನ್ನು ನುಂಗಬೇಕು, ಇಲ್ಲವೆ ಬ್ರೇಕು ನುಂಗಬೇಕು. ಮೂರನೆಯ ದಾರಿಯಿಲ್ಲ. ಎಂಜಿನ್ನು ತನ್ನ ಪಾಲಿನ ಶಾಖವನ್ನು ನಿರಂತರವಾಗಿ ಹೊರಕ್ಕೆ ಚೆಲ್ಲಬಲ್ಲ ಯಂತ್ರ. ಬ್ರೇಕಾದರೋ ಕಬ್ಬಿಣದ ಡ್ರಮ್ಮು, ಅದರೊಳಗೆ ಉಜ್ಜುವ ಲೈನರು, ಇಷ್ಟೇ. ಪೇಟೆಯ ಬೀದಿಯಲ್ಲಿ ಒಮ್ಮೆ ನಿಲ್ಲಿಸುವುದಕ್ಕೆ ಅದು ಸಮರ್ಥ. ಗಂಟೆಗಟ್ಟಲೆ ಉರಿಯನ್ನು ನುಂಗುವುದಕ್ಕೆ ಅದನ್ನು ಯಾರೂ ನಿರ್ಮಿಸಿಲ್ಲ.

ಕಾದ ಬ್ರೇಕು ಕೈಕೊಡುವ ಬಗೆಯನ್ನು ಬಲ್ಲವರು ಅದಕ್ಕೆ ಅಂಜುತ್ತಾರೆ, ಏಕೆಂದರೆ ಅದು ಮುರಿದು ಸದ್ದು ಮಾಡಿ ಎಚ್ಚರಿಸುವುದಿಲ್ಲ. ಡ್ರಮ್ಮು ಕಾದಂತೆಲ್ಲ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ. ಅಷ್ಟು ದೂರವನ್ನು ಮುಟ್ಟಲು ಗಾಳಿಯು ತಳ್ಳುವ ದಂಡವು ಹೆಚ್ಚು ಹೆಚ್ಚು ಚಾಚಬೇಕಾಗುತ್ತದೆ. ಕೊನೆಗೆ ಚಾಚುವ ಅಳತೆಯೇ ಮುಗಿಯುತ್ತದೆ. ಇತ್ತ ಲೈನರೂ ಅತಿಯಾಗಿ ಕಾದು ಹಿಡಿಯುವ ಗುಣವನ್ನು ಕಳೆದುಕೊಳ್ಳುತ್ತದೆ. ಗಾಳಿಯ ಮುಳ್ಳು ನೆಟ್ಟಗೇ ಇರುತ್ತದೆ, ಪೆಡಲು ಕಾಲಿಗೆ ಎಂದಿನಂತೆಯೇ ತಗಲುತ್ತದೆ, ಲಾರಿ ಮಾತ್ರ ನಿಲ್ಲುವುದಿಲ್ಲ. ಏರ್ ಬ್ರೇಕಿನಲ್ಲಿ ಗಾಳಿ ಸೋರಿಹೋದರೆ ಬಲವಾದ ಸ್ಪ್ರಿಂಗು ತಾನಾಗಿ ಬಿಗಿದು ಚಕ್ರವನ್ನು ಹಿಡಿಯುವ ಏರ್ಪಾಡು ಇದೆಯೆಂಬುದು ನಿಜ. ಆದರೆ ಆ ಸ್ಪ್ರಿಂಗು ಹಿಡಿಯಬೇಕಾದುದೂ ಕಾದು ಹಿಗ್ಗಿದ ಅದೇ ಡ್ರಮ್ಮನ್ನು. ಗಾಳಿ ಹೋದರೆ ಉಪಾಯವುಂಟು, ಡ್ರಮ್ಮು ಕಾದರೆ ಇಲ್ಲ.

ಆದುದರಿಂದ ನಮ್ಮ ಚಾಲಕರ ಕಾಲು ಬ್ರೇಕಿನ ಮೇಲೆ ಎಂದೂ ಒರಗಿ ಕೂರಲಿಲ್ಲ. ನಾನು ಅದನ್ನೇ ಗಮನಿಸುತ್ತಿದ್ದೆನು. ವೇಗದ ಮುಳ್ಳು ಗಂಟೆಗೆ 25 ಕಿಲೋಮೀಟರಿನ ಗೆರೆಯನ್ನು ಮುಟ್ಟುವವರೆಗೆ ಅವರು ಸುಮ್ಮನಿರುವರು. ಮುಟ್ಟಿದೊಡನೆ ಒಮ್ಮೆ ಗಟ್ಟಿಯಾಗಿ ಒತ್ತುವರು. 17–18ಕ್ಕೆ ಇಳಿಯಿತೋ ಇಲ್ಲವೋ ಪೂರ್ತಿಯಾಗಿ ಬಿಡುವರು. ಹೀಗೆ ಒತ್ತುವುದು, ಬಿಡುವುದು. ಬಿಟ್ಟ ಹೊತ್ತಿನಲ್ಲಿ ಡ್ರಮ್ಮಿಗೆ ಗಾಳಿಯಾಡಿ ಆರುವುದಕ್ಕೆ ಅವಕಾಶ. ಹಗುರವಾಗಿ ಒತ್ತಿಕೊಂಡೇ ಇಳಿಯುವವನಿಗೆ ತಾನು ಬಹಳ ಜಾಗರೂಕನೆಂಬ ಭ್ರಮೆಯಿರುತ್ತದೆ. ವಸ್ತುತಃ ಅವನು ಡ್ರಮ್ಮುಗಳನ್ನು ಅವಿರತವಾಗಿ ಕಾಯಿಸುತ್ತಿರುತ್ತಾನೆ. ತಿರುವು ಕಂಡೊಡನೆ ಚಡಪಡಿಸಿ ಮತ್ತೆ ಮತ್ತೆ ತುಳಿಯುವವನಾದರೋ ಕೂಡಿಟ್ಟ ಗಾಳಿಯನ್ನೇ ಖರ್ಚುಮಾಡಿಕೊಳ್ಳುತ್ತಾನೆ.

ಈ ದಾರಿಯಲ್ಲಿ ನಾನು ಕೇಳಿದ ಮಾತುಗಳಲ್ಲಿ ಅತ್ಯಂತ ದುಃಖಕರವಾದುದು ಡೀಸೆಲ್ ಉಳಿಸುವುದಕ್ಕಾಗಿ ನ್ಯೂಟ್ರಲ್ಲಿನಲ್ಲಿ ಇಳಿಯುವವರ ಕಥೆ. ಇಂಧನದ ಲೆಕ್ಕವನ್ನು ಕಟ್ಟುನಿಟ್ಟಾಗಿ ಕೇಳುವ ಮಾಲೀಕರು, ಉಳಿದ ಡೀಸೆಲಿನಲ್ಲಿ ನಾಲ್ಕು ಕಾಸು ಕಾಣುವ ಬಡ ಚಾಲಕರು, ಇವರಿಬ್ಬರ ನಡುವೆ ಈ ದುರಭ್ಯಾಸ ಬೆಳೆದಿದೆ. ಗೇರು ತೆಗೆದ ಲಾರಿಗೂ ಬೆಟ್ಟದಿಂದ ಉರುಳುವ ಬಂಡೆಗೂ ಬ್ರೇಕೊಂದರ ಹೊರತು ಭೇದವಿಲ್ಲ. ಎಂಜಿನನ್ನೂ ಆರಿಸಿಬಿಟ್ಟರೆ ಗಾಳಿ ತುಂಬುವ ಕಂಪ್ರೆಸರೂ ಸ್ಟಿಯರಿಂಗಿನ ನೆರವೂ ಒಟ್ಟಿಗೆ ನಿಂತುಹೋಗುತ್ತವೆ. ಇಷ್ಟು ಅಪಾಯವನ್ನು ತಲೆಯ ಮೇಲೆ ಎಳೆದುಕೊಂಡು ಅವರು ಉಳಿಸುವುದಾದರೂ ಏನು? ಗೇರಿನಲ್ಲಿಯೇ ಇದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುವಾಗ ಈಗಿನ ಡೀಸೆಲ್ ಎಂಜಿನ್ನು ಇಂಧನವನ್ನೇ ಕುಡಿಯುವುದಿಲ್ಲ. ಚಕ್ರಗಳೇ ಅದನ್ನು ತಿರುಗಿಸುತ್ತಿರುತ್ತವೆ. ನ್ಯೂಟ್ರಲ್ಲಿನಲ್ಲಿ ತನ್ನಷ್ಟಕ್ಕೆ ತಾನು ತಿರುಗಬೇಕಾದ್ದರಿಂದಲೇ ಅದಕ್ಕೆ ಡೀಸೆಲ್ ಬೇಕಾಗುತ್ತದೆ. ಉಳಿತಾಯವೆಂದು ನಂಬಿದ್ದು ನಷ್ಟವೇ ಆಗಿರುವಾಗ, ಆ ನಂಬಿಕೆಗಾಗಿ ಪ್ರಾಣ ತೆತ್ತವರನ್ನು ನೆನೆದರೆ ಎದೆ ಭಾರವಾಗುತ್ತದೆ.

ಎಂಜಿನ್ನನ್ನೇ ಬ್ರೇಕಾಗಿ ದುಡಿಸಿಕೊಳ್ಳುವ ವಿದ್ಯೆಯು ಭಯದ ಗರ್ಭದಲ್ಲಿ ಹುಟ್ಟಿದುದು. 1931ರಲ್ಲಿ ಡೀಸೆಲ್ ಟ್ರಕ್ಕೊಂದರಲ್ಲಿ ಅಮೆರಿಕವನ್ನು ಅಡ್ಡಹಾಯುತ್ತಿದ್ದ ಎಂಜಿನ್ ತಯಾರಕ ಕ್ಲೆಸ್ಸಿ ಕಮಿನ್ಸ್, ಕ್ಯಾಲಿಫೋರ್ನಿಯದ ಕಹೋನ್ ಕಣಿವೆಯನ್ನಿಳಿಯುವಾಗ ಬ್ರೇಕುಗಳು ಸೋತು, ತಳದಲ್ಲಿ ರಸ್ತೆಯನ್ನು ದಾಟಿ ಸಾಗುತ್ತಿದ್ದ ಸರಕು ರೈಲಿನ ಕಡೆಗೆ ತಡೆಯಿಲ್ಲದೆ ಧಾವಿಸಿ, ಕೂದಲೆಳೆಯಷ್ಟರಲ್ಲಿ ಪಾರಾದನು. ಆ ಗಳಿಗೆ ಅವನ ಮನಸ್ಸಿನಿಂದ ಮಾಸಲಿಲ್ಲ. ಸಿಲಿಂಡರಿನಲ್ಲಿ ಗಾಳಿಯನ್ನು ಒತ್ತುವುದಕ್ಕೆ ಪಿಸ್ಟನ್ನು ಪಡುವ ಶ್ರಮವನ್ನು, ಒತ್ತಿದ ಗಾಳಿ ಮರಳಿ ಅದನ್ನು ತಳ್ಳುವ ಮೊದಲೇ ಕವಾಟ ತೆರೆದು ಹೊರಕ್ಕೆ ಬಿಟ್ಟುಬಿಟ್ಟರೆ, ಎಂಜಿನ್ನು ಶಕ್ತಿಯನ್ನು ಕೊಡುವ ಬದಲು ಹೀರುವ ಯಂತ್ರವಾಗುತ್ತದೆಂದು ಅವನು ಕಂಡುಕೊಂಡನು. ಆ ಉಪಕರಣವನ್ನು ಜೇಕಬ್ಸ್ ಸಂಸ್ಥೆ 1961ರಲ್ಲಿ ಪೇಟೆಗೆ ತಂದಿತು. ನಮ್ಮ ಲಾರಿಯಲ್ಲಿದ್ದುದು ಅದಕ್ಕಿಂತ ಸರಳವಾದ ಎಕ್ಸಾಸ್ಟ್ ಬ್ರೇಕು. ಹೊಗೆ ಹೋಗುವ ಕೊಳವೆಯ ಬಾಯನ್ನು ಮುಚ್ಚಿ ಎಂಜಿನ್ನು ಉಸಿರು ಬಿಡದಂತೆ ಮಾಡುವ ಸಾಧನ. ಎರಡೂ ಚೆನ್ನಾಗಿ ಕೆಲಸ ಮಾಡುವುದು ಎಂಜಿನ್ನು ವೇಗವಾಗಿ ತಿರುಗುವಾಗ, ಅಂದರೆ ಕೆಳಗಿನ ಗೇರಿನಲ್ಲಿ. ಯಾವ ಉಪಕರಣ ಬಂದರೂ ಮತ್ತೆ ಆ ಮೊದಲ ಮಾತಿಗೇ ಬಂದು ನಿಲ್ಲಬೇಕು.

ಮಾರನಹಳ್ಳಿಯಿಂದ ಕೆಳಗೆ ಕಾಡು ದಟ್ಟವಾಯಿತು. ಎಡಕ್ಕೋ ಬಲಕ್ಕೋ ಕೆಂಪುಹೊಳೆ ಕಾಣಿಸಿಕೊಂಡು ಮರೆಯಾಗುತ್ತಿತ್ತು. ಬಂಡೆಯ ಮೈಮೇಲಿಂದ ನೀರು ಇಳಿದು ಚರಂಡಿಗೆ ಬೀಳುತ್ತಿತ್ತು. ಇನ್ನು ತಿರುವುಗಳ ಸರದಿ. ವೇಗವು ಎರಡು ಪಟ್ಟಾದರೆ ವಾಹನವನ್ನು ಹೊರಕ್ಕೆ ಎಸೆಯುವ ಬಲವು ನಾಲ್ಕು ಪಟ್ಟಾಗುತ್ತದೆ. ಎತ್ತರವಾಗಿ ಹೊರೆ ಹೇರಿದ ಲಾರಿ ಕಾರಿನಂತೆ ಜಾರುವುದಿಲ್ಲ, ಜಾರುವುದಕ್ಕೆ ಮೊದಲೇ ಮಗುಚುತ್ತದೆ. ಆದ್ದರಿಂದ ನಮ್ಮ ಚಾಲಕರು ಪ್ರತಿಯೊಂದು ತಿರುವಿನ ಲೆಕ್ಕವನ್ನೂ ಅದಕ್ಕೆ ಮುಂಚಿನ ನೇರದಾರಿಯಲ್ಲಿಯೇ ಚುಕ್ತಾ ಮಾಡಿ, ತಿರುವಿನೊಳಗೆ ಬ್ರೇಕನ್ನು ಮುಟ್ಟದೆ, ಸ್ಟಿಯರಿಂಗನ್ನು ಒಂದೇ ಗತಿಯಲ್ಲಿ ತಿರುಗಿಸಿ ಹೊರಬರುತ್ತಿದ್ದರು. ಹಿಂದಣ ಚಕ್ರಗಳು ಮುಂದಣವುಗಳ ಜಾಡಿನಲ್ಲಿಯೇ ಬಾರದೆ ಒಳಗಡೆಗೆ ಕೊಯ್ದುಕೊಂಡು ಬರುವುದರಿಂದ ಅವರ ಕಣ್ಣು ಮುಂದಕ್ಕೆಷ್ಟೋ ಕನ್ನಡಿಗೂ ಅಷ್ಟೇ ಹೋಗುತ್ತಿತ್ತು. ಇದೇ ದಾರಿಯಲ್ಲಿ ಮಂಗಳೂರಿನಿಂದ ಅಡುಗೆ ಅನಿಲವನ್ನು ಹೊತ್ತು ತರುವ ಬುಲೆಟ್ ಟ್ಯಾಂಕರುಗಳು ಏರಿಬರುತ್ತಿದ್ದವು. ಟ್ಯಾಂಕಿನೊಳಗಿನ ದ್ರವಕ್ಕೆ ತನ್ನದೇ ಚಲನೆಯುಂಟು. ತಿರುವಿನಲ್ಲಿ ಅದು ಒಂದು ಪಕ್ಕಕ್ಕೆ ಒತ್ತರಿಸಿ ವಾಹನವನ್ನು ವಾಲಿಸುತ್ತದೆ, ತುಂಬಿದ ಟ್ಯಾಂಕಿಗಿಂತ ಅರೆತುಂಬಿದುದರಲ್ಲಿ ಈ ತುಯ್ತ ಹೆಚ್ಚು. 2013ರ ಏಪ್ರಿಲಿನಲ್ಲಿ ಉಪ್ಪಿನಂಗಡಿಯ ಸಮೀಪದ ಪೆರ್ನೆಯಲ್ಲಿ ಅನಿಲ ಟ್ಯಾಂಕರೊಂದು ಮಗುಚಿ ಬೆಂಕಿ ಹೊತ್ತಿ, ರಸ್ತೆಯ ಬದಿಯ ಮನೆಗಳಲ್ಲಿದ್ದ ಅಮಾಯಕರ ಪ್ರಾಣ ಹೋದುದನ್ನು ಈ ಸೀಮೆ ಮರೆತಿಲ್ಲ. ಲಾರಿಯ ತಪ್ಪು ಲಾರಿಯಲ್ಲಿದ್ದವರನ್ನು ಮಾತ್ರ ಸುಡುವುದಿಲ್ಲ.

ಒಂದು ಕಡೆ ರಸ್ತೆಯ ಕೆಲಸದ ನಿಮಿತ್ತ ದಾರಿ ಕಿರಿದಾಗಿದ್ದಿತು. ಕೆಳಗಿನಿಂದ ಏದುಸಿರು ಬಿಡುತ್ತ ಒಂದು ಲಾರಿ ಬರುತ್ತಿದ್ದುದನ್ನು ಕಂಡು ನಮ್ಮವರು ದೂರದಲ್ಲಿಯೇ ನಿಂತರು. ಇಕ್ಕಟ್ಟಾದ ಬೆಟ್ಟದ ದಾರಿಯಲ್ಲಿ ಇಳಿಯುವವನು ಏರುವವನಿಗೆ ದಾರಿ ಬಿಡಬೇಕೆಂಬುದು ಕಾನೂನೂ ಹೌದು, ಧರ್ಮವೂ ಹೌದು. ಹೊರೆ ಹೊತ್ತು ಏರುತ್ತಿರುವವನು ಒಮ್ಮೆ ನಿಂತರೆ ಮತ್ತೆ ಹೊರಡುವುದು ಎಷ್ಟು ಕಷ್ಟವೆಂಬುದನ್ನು ಬಲ್ಲವರು ಮಾಡಿದ ನಿಯಮವದು. ಆ ಚಾಲಕನು ಹಾಯುವಾಗ ಕೈಯೆತ್ತಿದನು, ಇವರೂ ಎತ್ತಿದರು. ಮಳೆಗಾಲದಲ್ಲಿ ಈ ಸೌಜನ್ಯಕ್ಕೆ ಇನ್ನೂ ಹೆಚ್ಚಿನ ಬೆಲೆಯುಂಟು. ಮಾರನಹಳ್ಳಿಯ ಆಸುಪಾಸಿನ ಮಂಜಿನಲ್ಲಿ ಮುಂದಣ ವಾಹನದ ಕೆಂಪು ದೀಪವಲ್ಲದೆ ಬೇರೇನೂ ಕಾಣದ ಹೊತ್ತುಂಟು. ದೋಣಿಗಲ್, ದೊಡ್ಡತಪ್ಪಲು ಮೊದಲಾದೆಡೆ ಗುಡ್ಡ ಜರಿದು ದಾರಿಯೇ ಮುಚ್ಚಿಹೋದುದುಂಟು. ಇಳಿಯುವವನು ತನಗೆ ಎಷ್ಟು ದೂರ ಕಾಣುತ್ತಿದೆಯೋ ಅದರೊಳಗೆ ನಿಲ್ಲಬಲ್ಲಂತೆ ಇಳಿಯಬೇಕೆಂಬ ನಿಯಮವು ಅಂದು ಪಾರಾಗುವುದಕ್ಕೆ ಉಳಿಯುವ ಏಕಮಾತ್ರ ಉಪಾಯ.

ಕಣಿವೆಯ ಆಚೆಯ ಮಗ್ಗುಲಲ್ಲಿ, ಕಾಡಿನ ನಡುವೆ, ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ರೈಲುಮಾರ್ಗವಿದೆ. 1979ರಲ್ಲಿ ಸಂಚಾರಕ್ಕೆ ತೆರೆದ ಆ 55 ಕಿಲೋಮೀಟರುಗಳಲ್ಲಿ 57 ಸುರಂಗಗಳು. 50 ಅಡಿ ಮುಂದೆ ಹೋದರೆ ಒಂದಡಿಯ ಇಳಿತ, ಅದಕ್ಕಿಂತ ಕಡಿದಿಲ್ಲ. ರಸ್ತೆಯ ಇಳಿತವಾದರೋ ಎಷ್ಟೋ ಕಡೆ ಅದರ ಎರಡು ಮೂರು ಪಟ್ಟು ಕಡಿದು. ಆದರೂ ಬ್ರೇಕನ್ನು ಪರೀಕ್ಷಿಸದೆ ಯಾವ ರೈಲೂ ಘಟ್ಟವನ್ನಿಳಿಯಲು ಹೊರಡುವಂತಿಲ್ಲ; ಭೋರ್ ಘಾಟಿನಂತಹ ಮಾರ್ಗಗಳಲ್ಲಿ ಹಿಡಿತ ತಪ್ಪಿದ ರೈಲನ್ನು ಏರುಹಳಿಗೆ ತಿರುಗಿಸಿ ನಿಲ್ಲಿಸುವ ಕ್ಯಾಚ್ ಸೈಡಿಂಗುಗಳನ್ನು ಹಿಂದಿನಿಂದಲೂ ಕಟ್ಟಿದ್ದಾರೆ. ಅಮೆರಿಕದ ಕೊಲರಾಡೊ ಬೆಟ್ಟಗಳ ಹೆದ್ದಾರಿಯಲ್ಲಿ ಬ್ರೇಕು ಸೋತ ಟ್ರಕ್ಕುಗಳಿಗೂ ಇಂತಹುದೇ ಏರ್ಪಾಡುಂಟು: ಮುಖ್ಯ ರಸ್ತೆಯಿಂದ ಕವಲೊಡೆದು ಮೇಲಕ್ಕೇರುವ, ಸಡಿಲವಾದ ಜಲ್ಲಿಯನ್ನು ಆಳವಾಗಿ ತುಂಬಿದ ದಾರಿ, ಚಕ್ರಗಳು ಅದರಲ್ಲಿ ಹೂತು ಲಾರಿ ನಿಲ್ಲುತ್ತದೆ. ರೈಲಿಗೆ ಒಂದು ವಿವೇಕ, ಲಾರಿಗೆ ಇನ್ನೊಂದು ಎಂಬುದು ನ್ಯಾಯವಲ್ಲ.

ಗುಂಡ್ಯದಲ್ಲಿ ಲಾರಿ ನಿಂತಿತು. ನಮಗಿಂತ ಮೊದಲು ನಮ್ಮನ್ನು ಹಿಂದಿಕ್ಕಿ ಇಳಿದಿದ್ದ ಲಾರಿಯೊಂದು ಅಲ್ಲಿಯೇ ನಿಂತಿದ್ದಿತು. ಅದರ ಹಿಂದಣ ಚಕ್ರಗಳಿಂದ ತೆಳ್ಳನೆಯ ಹೊಗೆಯೂ ಸುಟ್ಟ ಲೈನರಿನ ಕಟುವಾಸನೆಯೂ ಏಳುತ್ತಿದ್ದವು. ಅದರ ಎಳೆಯ ಚಾಲಕನು ಬಕೆಟ್ಟಿನಲ್ಲಿ ನೀರು ತಂದು ಸುರಿಯುವುದರಲ್ಲಿದ್ದನು. ನಮ್ಮವರು ಹೋಗಿ ಅವನ ಕೈ ಹಿಡಿದು, “ಬ್ಯಾಡ ಕಣಪ್ಪ, ಡ್ರಮ್ಮು ಸೀಳ್ತದೆ. ಹ್ಯಾಂಡ್ ಬ್ರೇಕೂ ಹಾಕ್ಬೇಡ, ಚಕ್ರಕ್ಕೆ ಕಲ್ಲಿಡು. ತಾನಾಗೇ ಆರ್ಲಿ” ಎಂದರು. ಬೈಗುಳದ ಒಂದು ಮಾತಿಲ್ಲ, ಬುದ್ಧಿ ಹೇಳುವ ಗರ್ವವಿಲ್ಲ. ಹಿರಿಯನೊಬ್ಬನು ಕಿರಿಯನಿಗೆ ಕೈಯಿಂದ ಕೈಗೆ ಒಪ್ಪಿಸುವ ವಿದ್ಯೆ. ಅನಂತರ ನಮ್ಮ ಲಾರಿಯ ಬಳಿಗೆ ಬಂದು ಪ್ರತಿಯೊಂದು ಚಕ್ರದ ಹತ್ತಿರವೂ ಅಂಗೈಯನ್ನು ಗೇಣುದೂರದಲ್ಲಿ ಹಿಡಿದು ಶಾಖವನ್ನು ನೋಡುತ್ತ ಸುತ್ತಿಬಂದರು. ಒಂದು ಡ್ರಮ್ಮು ಮಾತ್ರ ಉಳಿದವುಗಳಿಗಿಂತ ತಣ್ಣಗಿರುವುದನ್ನು ಕಂಡು, ಅದು ತನ್ನ ಪಾಲಿನ ಕೆಲಸ ಮಾಡುತ್ತಿಲ್ಲವೆಂದೂ ಮಂಗಳೂರಿನಲ್ಲಿ ಬ್ರೇಕನ್ನು ಸರಿಪಡಿಸಿಕೊಂಡೇ ಮರಳಬೇಕೆಂದೂ ಕ್ಲೀನರಿಗೆ ಹೇಳಿದರು. ಬಿಸಿಯಾದುದನ್ನು ಯಾರೂ ಗುರುತಿಸಿಯಾರು. ತಣ್ಣಗಿರುವುದರಲ್ಲಿ ದೋಷವನ್ನು ಕಾಣುವುದು ಅನುಭವದ ಫಲ.

ಅಲ್ಲಿಂದ ಉಪ್ಪಿನಂಗಡಿಯ ಕಡೆಗೆ ಸಾಗುವಾಗ ನಾನು ಮನಸ್ಸಿನಲ್ಲಿಯೇ ಒಂದು ಲೆಕ್ಕ ಹಾಕಿದೆನು. 26 ಕಿಲೋಮೀಟರಿನ ಇಳಿತವನ್ನು ಗಂಟೆಗೆ 20 ಕಿಲೋಮೀಟರಿನಂತೆ ಇಳಿದರೆ 78 ನಿಮಿಷ. 40ರಂತೆ ಇಳಿದರೆ 39 ನಿಮಿಷ. ಸಕಲ ಅಪಾಯವನ್ನೂ ಮೈಮೇಲೆಳೆದುಕೊಂಡು ಗಳಿಸುವ ಲಾಭವು ಮುಕ್ಕಾಲು ಗಂಟೆಯೂ ಅಲ್ಲ. ಆ ನಿಮಿಷಗಳನ್ನು ಚಾಲಕನಿಂದ ಕಸಿದುಕೊಳ್ಳುವವರು ಯಾರು? ಇಂತಿಷ್ಟು ಹೊತ್ತಿಗೆ ಸರಕು ಮುಟ್ಟಲೇಬೇಕೆನ್ನುವ ವರ್ತಕ, ಟ್ರಿಪ್ಪಿನ ಲೆಕ್ಕದಲ್ಲಿ ಸಂಬಳ ಕೊಡುವ ಮಾಲೀಕ, ತೂಕಕ್ಕೆ ಮೀರಿ ಹೇರಿಸುವ ಏಜೆಂಟ, ಹಿಂದಿನಿಂದ ಹಾರ್ನ್ ಒತ್ತಿ ಅವಸರಪಡಿಸುವ ನಾವು. ಅಪಘಾತವಾದ ಮರುದಿನ ‘ಬ್ರೇಕ್ ವೈಫಲ್ಯ’ ಎಂಬ ಎರಡು ಪದಗಳಲ್ಲಿ ವರದಿ ಮುಗಿಯುತ್ತದೆ. ವಿಫಲವಾದುದು ಬ್ರೇಕೊಂದೇ ಅಲ್ಲವೆಂಬುದನ್ನು ಯಾರೂ ಬರೆಯುವುದಿಲ್ಲ.

ಲಾರಿಯ ಚಾಲಕನಿಗೆ ಎಚ್ಚರಿಕೆಯನ್ನು ಬೋಧಿಸುವುದು ಸುಲಭ. ಎಚ್ಚರದಿಂದ ಇಳಿಯುವುದಕ್ಕೆ ಬೇಕಾದ ಅವಕಾಶವನ್ನು ಅವನಿಗೆ ಒದಗಿಸುವುದೇ ನಮ್ಮ ಕರ್ತವ್ಯ. ಘಾಟಿಯ ಬಾಯಲ್ಲಿ ಹತ್ತು ಲಾರಿಗಳಾದರೂ ನಿಂತು ಬ್ರೇಕು ನೋಡಿಕೊಳ್ಳುವಷ್ಟು ವಿಶಾಲವಾದ ತಾಣವೊಂದು ಇರಲಿ. ಮುಂದಿನ ಇಳಿತ ಎಷ್ಟು ಕಡಿದು, ಎಷ್ಟು ದೂರ, ಯಾವ ಗೇರು ತಕ್ಕುದು ಎಂಬುದನ್ನು ಕಣ್ಣಿಗೆ ಹೊಡೆಯುವಂತೆ ಕನ್ನಡದಲ್ಲಿಯೂ ಚಿತ್ರದಲ್ಲಿಯೂ ತಿಳಿಸುವ ಫಲಕಗಳಿರಲಿ. ಸೋತ ಲಾರಿಗೆ ಜಲ್ಲಿಯ ಏರುದಾರಿಯೊಂದು ಕಾದಿರಲಿ. ಘಟ್ಟದ ಇಳಿತಕ್ಕೆಂದು ಒಂದು ಗಂಟೆಯನ್ನು ಹೆಚ್ಚಾಗಿ ಲೆಕ್ಕಹಿಡಿದು ವರ್ತಕರು ಹೊತ್ತು ಗೊತ್ತುಮಾಡಲಿ. ಮೇಲೆ ನಿರ್ಣಯವಾಗದ ವೇಗವು ಕೆಳಗೆ ಯಾರ ಕೈಗೂ ಸಿಗುವುದಿಲ್ಲವೆಂಬ ಸತ್ಯವು ಆಸನದಲ್ಲಿ ಕೂತ ಚಾಲಕನಿಗೆ ಎಷ್ಟು ಅನ್ವಯಿಸುತ್ತದೆಯೋ, ಅವನಿಗೆ ಹೊರೆಯನ್ನೂ ಹೊತ್ತನ್ನೂ ಗೊತ್ತುಮಾಡಿ ಕಳುಹಿಸುವ ಸಮಾಜಕ್ಕೂ ಅಷ್ಟೇ ಅನ್ವಯಿಸುತ್ತದೆ. ನಮ್ಮ ಅಕ್ಕಿಯನ್ನೂ ಅಡುಗೆಯ ಅನಿಲವನ್ನೂ ಈ ಘಟ್ಟದ ಮೂಲಕ ತರುವ ಸಾವಿರಾರು ಮಂದಿ ಪ್ರತಿದಿನವೂ ಸುರಕ್ಷಿತವಾಗಿ ಇಳಿಯುತ್ತಿರುವುದು ಅವರ ವಿದ್ಯೆಯಿಂದ. ಆ ವಿದ್ಯೆಯನ್ನು ಪಾಲಿಸಲು ಬೇಕಾದ ಮುಕ್ಕಾಲು ಗಂಟೆಯನ್ನು ಅವರಿಗೆ ಬಿಟ್ಟುಕೊಡುವುದು ನಮ್ಮಿಂದ ಆಗಲೇಬೇಕಾದ ಕೆಲಸ.